ಪ್ರಿಂಟರಿನ ಕೀಲಿ ಯಾರ ಸೆರಗಿನ್ಯಾಗ?

ಕಂಪ್ಯೂಟರಿನ್ಯಾಗ ಪ್ರಿಂಟರಿನ ಹೆಸರಿನ ಮ್ಯಾಲೆ ಮೌಸಿನ ಬಲಗಡೆ ಬಟನ್ ಒತ್ತಿ, ಪ್ರಾಪರ್ಟೀಸ್ ತಗದು, ಸೆಕ್ಯುರಿಟಿ ಅನ್ನೊ ಕಡೆ ಹೋದ್ರ ಅಲ್ಲೆ ಒಂದು ಸಣ್ಣ ಯಾದಿ ಕಾಣಸ್ತದ. ಪ್ರಿಂಟ್, ಮ್ಯಾನೇಜ್ ದಿಸ್ ಪ್ರಿಂಟರ್, ಮ್ಯಾನೇಜ್ ಡಾಕ್ಯುಮೆಂಟ್ಸ್. ಅವುಗಳ ಮುಂದ ಟಿಕ್ ಹೊಡಿಲಿಕ್ಕೆ ಚೌಕ ಚೌಕ ಮನಿ. ಭಾಳ ಮಂದಿ ಆ ಕಡೆ ಹೋಗಂಗೇ ಇಲ್ಲ. ತಪ್ಪಿ ಹೋದವರೂ, ಯಾಕ ಬೇಕು ಉಸಾಬರಿ ಅಂತ ಕ್ಯಾನ್ಸಲ್ ಒತ್ತಿ ಹೊರಗ ಬರ್ತಾರ.

ಖರೆ ಅಂದ್ರ ನಮ್ಮ ಕಡೆ ಒಟ್ಟು ಕುಟುಂಬದಾಗ ಬಾಳೆ ಮಾಡಿದವರಿಗೆ ಇದನ್ನ ಯಾರೂ ಹೇಳಿಕೊಡೊ ಕೆಲಸ ಇಲ್ಲ. ಪಂಕ್ತಿಯೊಳಗ ಊಟಕ್ಕ ಕೂಡೊ ಹಕ್ಕು ಎಲ್ಲಾರಿಗೂ. ಯಾರಿಗೆ ಮೊದಲು, ಯಾರಿಗೆ ಆಮ್ಯಾಲೆ ಅಂತ ನೋಡಿ ಬಡಸೊ ಹಕ್ಕು ಸೊಸೆಯಂದ್ರಿಗೆ. ಉಗ್ರಾಣದ ಕೀಲಿ ಮಾತ್ರ ಅತ್ತಿ ಸೆರಗಿನ ತುದಿಗೆ. ಪ್ರಿಂಟ್ ಅಂದ್ರ ಊಟ, ಮ್ಯಾನೇಜ್ ಡಾಕ್ಯುಮೆಂಟ್ಸ್ ಅಂದ್ರ ಬಡಸೋದು, ಮ್ಯಾನೇಜ್ ಪ್ರಿಂಟರ್ ಅಂದ್ರ ಉಗ್ರಾಣದ ಕೀಲಿ. ಇಷ್ಟ.

ಆದ್ರ ಈ ಮೂರು ಪಾವಟಿಗಿ ಒಂದ ದಿನದಾಗ ಕಟ್ಟಿದ್ದಲ್ಲ. ಅವುಗಳ ಹಿಂದ ಸುಮಾರು ಮೂವತ್ತು ವರ್ಷದ ಕಳವು, ಜಗಳ, ಸಿಟ್ಟು, ಸೆಡವು ಎಲ್ಲಾ ಅದ. ಆ ಕಥಿ ಹೇಳಬೇಕಂತ ಭಾಳ ದಿವಸದಿಂದ ಅನ್ಕೊಂಡಿದ್ದೆ. ಇವತ್ತ ವ್ಯಾಳ್ಯಾ ಸಿಕ್ಕದ.

ಕಥಿ ಶುರು ಆಗೋದು ಅಮೆರಿಕಾದ ಎಂಐಟಿಯೊಳಗ. 1961ರಾಗ ಫರ್ನಾಂಡೊ ಕೊರ್ಬಾಟೊ ಮತ್ತ ಅವರ ಸಂಗಡಿಗರು ಸಿಟಿಎಸ್ಎಸ್ ಅನ್ನೊ ವ್ಯವಸ್ಥೆ ಮಾಡಿ ತೋರಿಸಿದ್ರು. ಒಂದ ಕಂಪ್ಯೂಟರ್, ಆದ್ರ ನಾಕು ಮಂದಿ ನಾಕು ಕಡೆ ಕೂತು ಒಂದ ವ್ಯಾಳ್ಯಾಕ್ಕ ಕೆಲಸ ಮಾಡಬಹುದು. ಒಂದು ಬಾವಿ, ನಾಕು ಗಡಗಡಿ ಇದ್ದಂಗ. ಯಂತ್ರ ಒಂದ ಆದ್ರೂ ಒಬ್ಬರ ಫೈಲು ಇನ್ನೊಬ್ಬರು ಮುಟ್ಟಬಾರದಲ್ಲ, ಅದಕ್ಕ ಪಾಸ್‌ವರ್ಡ್ ಬಂತು. ಪಾಳಿ ಪ್ರಕಾರ ಪ್ರತಿಯೊಬ್ಬರಿಗೆ ವಾರಕ್ಕ ಇಷ್ಟ ತಾಸು ಅಂತ ಹಂಚಿಕೊಟ್ಟಿದ್ರು.

ಅಲ್ಲೆ ಅಲನ್ ಶೆರ್ ಅಂತ ಒಬ್ಬ ಸಂಶೋಧನಾ ವಿದ್ಯಾರ್ಥಿ. ಅವರಿಗೆ ಸಿಕ್ಕಿದ್ದು ವಾರಕ್ಕ ನಾಕ ತಾಸು, ಅದು ಅವರ ಕೆಲಸಕ್ಕ ಸಾಲತಿದ್ದಿಲ್ಲ. ಆ ವ್ಯವಸ್ಥೆಯೊಳಗ ಒಂದು ಸವಲತ್ತಿತ್ತು. ಪಂಚ್ ಕಾರ್ಡಿನ ಮ್ಯಾಲೆ ಖಾತೆ ನಂಬರು, ಫೈಲಿನ ಹೆಸರು ಬರದು ಕೊಟ್ರ, ಅವರು ಛಾಪಿಸಿ ಒಂದು ಕಪಾಟಿನ್ಯಾಗ ಇಡತಿದ್ರು. ಶೆರ್ 1962ರ ವಸಂತದಾಗ ಒಂದ ಶುಕ್ರವಾರ ರಾತ್ರಿ, ಎಲ್ಲಾರ ಪಾಸ್‌ವರ್ಡ್ ಇದ್ದ ಫೈಲಿನ ಹೆಸರನ್ನ ಬರದು ಕಾರ್ಡು ಕೊಟ್ರು. ಶನಿವಾರ ನಸಿಕಿನ್ಯಾಗ ಹೋಗಿ ಕಪಾಟು ತಗದ್ರ ಯಾದಿ ಪೂರ್ತಿ ಛಾಪಾ ಆಗಿ ಕೂತಿತ್ತು! ಬ್ಯಾರೆಯವರ ಹೆಸರಿನ್ಯಾಗ ಒಳಗ ಹೋಗಿ ತಮಗ ಬೇಕಾದಷ್ಟು ತಾಸು ಕೆಲಸ ಮಾಡಿದ್ರು. ಭಾಳ ವರ್ಷ ಆದಮ್ಯಾಲೆ ಅವರ ತಾವ ಈ ಸಂಗತಿ ಹೇಳಿಕೊಂಡಾರ.

ಇಲ್ಲೆ ಒಂದು ಸೂಕ್ಷ್ಮ ನೋಡ್ರಿ. ಶೆರ್ ಯಾವ ಬೀಗಾನೂ ಮುರೀಲಿಲ್ಲ. ತಾವು ಕುರ್ಚಿ ಮ್ಯಾಲೆ ಕೂತು ಕೇಳಿದ್ರ ಆ ಫೈಲು ಅವರಿಗೆ ಸಿಗತಿದ್ದಿಲ್ಲ. ಆದ್ರ ಛಾಪಿಸೊ ವ್ಯವಸ್ಥೆಗೆ ಎಲ್ಲಾ ಫೈಲು ತಗಿಯೊ ಹಕ್ಕಿತ್ತು, ಮತ್ತ ಅದು "ನೀ ಯಾರು, ನಿನಗ್ಯಾಕ ಬೇಕು" ಅಂತ ಕೇಳಲಿಲ್ಲ. ಅಡಗಿಯವ್ಗ ಉಗ್ರಾಣದ ಕೀಲಿ ಕೊಟ್ಟು, ಯಾರು ಏನು ಕೇಳಿದ್ರೂ ತಗದು ಕೊಡು ಅಂದಂಗ ಆತು. ಈ ಮಾತು ನೆನಪಿಟ್ಕೊಳ್ರಿ, ಅರವತ್ತು ವರ್ಷ ಆದಮ್ಯಾಲೆ ಮತ್ತ ಇದ ಬರ್ತದ.

ಮುಂದ ಕಥಿ ಝೆರಾಕ್ಸ್ ಕಂಪನಿಗೆ ಹೋಗ್ತದ. ನಾವು ಝೆರಾಕ್ಸ್ ಅಂದ್ರ ಕಾಲೇಜಿನ ಎದರಿಗಿನ ಅಂಗಡಿ ಅಂತ ತಿಳಕೊಂಡು ಬೆಳದವರು. ಆದ್ರ ಇವತ್ತ ಆಫೀಸಿನ್ಯಾಗ ಹತ್ತು ಮಂದಿ ಒಂದ ಪ್ರಿಂಟರ್ ಹಂಚಿಕೊಳ್ಳೊ ಪದ್ಧತಿ ಗಟ್ಟಿ ಆಗಿದ್ದು ಅವರ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಾಗ. ಗ್ಯಾರಿ ಸ್ಟಾರ್ಕ್‌ವೆದರ್ ಅನ್ನೊ ಎಂಜಿನಿಯರ್ ಝೆರಾಕ್ಸ್ ಕಾಪಿ ಮಶೀನಿಗೆ ಲೇಸರ್ ಕಟ್ಟಿ, ಬೆಳಕಿನಿಂದ ಅಕ್ಷರ ಬರಸಬಹುದು ಅಂತ ತೋರಿಸಿದ್ರು. ಅದ ಕೇಂದ್ರದಾಗ 1973ರ ಸುಮಾರಿಗೆ ಈಥರ್‌ನೆಟ್ ಹುಟ್ಟಿತು. ಎಲ್ಲಾರ ಮೇಜಿನಿಂದ ಒಂದ ಕೇಬಲ್, ಕೇಬಲಿನ ತುದಿಗೆ ಒಂದ ಪ್ರಿಂಟರ್. 1977ರಾಗ ಝೆರಾಕ್ಸ್ 9700 ಅನ್ನೊ ಲೇಸರ್ ಪ್ರಿಂಟರ್ ಮಾರಾಟಕ್ಕ ಬಂತು, ನಿಮಿಷಕ್ಕ 120 ಪುಟ. ಭಾಳ ತುಟ್ಟಿ ಮಾಲು. ತುಟ್ಟಿ ಅಂದಮ್ಯಾಲೆ ಹಂಚಿಕೋಬೇಕು, ಹಂಚಿಕೊಂಡಮ್ಯಾಲೆ ಜಗಳ ಬಂದ ಬರ್ತದ.

ಆ ಜಗಳದಾಗ ದೊಡ್ಡದು ರಿಚರ್ಡ್ ಸ್ಟಾಲ್ಮನ್ ಅವರದು. ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಾಗ ಅವರು ಕೆಲಸಕ್ಕಿದ್ರು. ಅಲ್ಲಿಯ ಹಳೇ ಪ್ರಿಂಟರಿನ್ಯಾಗ ಕಾಗದ ಸಿಕ್ಕಿಕೊಳ್ಳೋದು ದಿನಾ ಇದ್ದದ್ದ. ಸ್ಟಾಲ್ಮನ್ ಅದರ ಪ್ರೋಗ್ರಾಮ್ ತಿದ್ದಿ, ಕಾಗದ ಸಿಕ್ಕರ ಪಾಳಿಯೊಳಗ ಕಾಯ್ಲಿಕತ್ತವರೆಲ್ಲಾರಿಗೂ ಸುದ್ದಿ ಹೋಗೊ ಹಂಗ ಮಾಡಿದ್ರು. ಯಾರರೆ ಒಬ್ಬರು ಎದ್ದು ಹೋಗಿ ಬಿಡಿಸಿ ಬರತಿದ್ರು. 1980ರ ಸುಮಾರಿಗೆ ಝೆರಾಕ್ಸಿನವರು ಒಂದು ಹೊಸಾ ಲೇಸರ್ ಪ್ರಿಂಟರ್ ದಾನ ಕೊಟ್ರು. ಮಶೀನು ಚೊಲೊ, ಆದ್ರ ಅದರ ಪ್ರೋಗ್ರಾಮಿನ ಮೂಲ ಬರಹ ಕೊಡಲಿಲ್ಲ. ಕಾಗದ ಸಿಗತಿತ್ತು, ಯಾರಿಗೂ ಗೊತ್ತಾಗತಿದ್ದಿಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಒಬ್ಬರ ಹತ್ರ ಆ ಬರಹ ಅದ ಅಂತ ತಿಳದು ಅಲ್ಲೆ ಹೋಗಿ ಕೇಳಿದ್ರ, ಕೊಡಂಗಿಲ್ಲ ಅಂತ ಕರಾರು ಮಾಡೇನಿ ಅಂದ್ರು. ಸ್ಟಾಲ್ಮನ್ನರಿಗೆ ಆ ಮಾತು ಮನಸ್ಸಿಗೆ ಹತ್ತಿತು. 1983ರ ಸೆಪ್ಟೆಂಬರಿನ್ಯಾಗ ಅವರು ಘೋಷಿಸಿದ ಗ್ನೂ ಯೋಜನೆಯ ಹಿಂದ ಈ ಪ್ರಿಂಟರಿನ ಕಥಿ ಅದ ಅಂತ ಅವರ ಹೇಳ್ತಾರ.

ನನಗ ಈ ಕಥಿಯೊಳಗ ಕಾಣೋದು ಒಂದು ಗೃಹಕೃತ್ಯದ ಪ್ರಶ್ನೆ. ಮನ್ಯಾಗಿನ ಸಾಮಾನು ನಮ್ಮದು, ಆದ್ರ ಅದನ್ನ ರಿಪೇರಿ ಮಾಡೊ ಹಕ್ಕು ಬ್ಯಾರೆಯವರದು ಅಂದ್ರ, ಆ ಸಾಮಾನು ಖರೇನ ನಮ್ಮದೇನು? ಉಣ್ಣೊ ಹಕ್ಕು ಕೊಟ್ಟು, ಒಲಿ ಮುಟ್ಟಬ್ಯಾಡ ಅಂದಂಗ.

ಇತ್ಲಾಗ ಬರ್ಕ್ಲಿಯ ಯುನಿಕ್ಸ್‌ನ್ಯಾಗ ಎಲ್‌ಪಿಡಿ ಅನ್ನೊ ವ್ಯವಸ್ಥೆ ಬಂತು. ಅದರಾಗ ನಾವು ಕಳಿಸಿದ ಕಾಗದ ನಾವು ತಗದು ಹಾಕಬಹುದು, ಬ್ಯಾರೆಯವರದು ಮುಟ್ಟಲಿಕ್ಕೆ ಬರಂಗಿಲ್ಲ. ರೂಟ್ ಅನ್ನೊ ಯಜಮಾನಗ ಮಾತ್ರ ಎಲ್ಲಾರದೂ ತಗಿಯೊ ಅಧಿಕಾರ. ಬೇಕಾದ್ರ ಈ ಪ್ರಿಂಟರ್ ಇಂಥಾ ಗುಂಪಿನವರಿಗೆ ಅಷ್ಟ ಅಂತ ಒಂದು ಸಾಲು ಬರದಿಡಬಹುದಿತ್ತು. ಆದ್ರ ಹೊರಗಿನ ಕಂಪ್ಯೂಟರಿನಿಂದ ಬಂದ ಕೆಲಸಕ್ಕ ಅದು ಮನಷ್ಯಾನ್ನ ನೋಡತಿದ್ದಿಲ್ಲ, ಮನಿ ನೋಡತಿತ್ತು. ಕಳಿಸಿದ ಕಂಪ್ಯೂಟರಿನ ಹೆಸರು ಯಾದಿಯೊಳಗ ಅದಯೇನು, 721ರಿಂದ 731ರ ಒಳಗಿನ ಪೋರ್ಟಿನಿಂದ ಬಂದದಯೇನು, ಅಷ್ಟ. ಈ ಪದ್ಧತಿನ್ನ 1990ರಾಗ ಆರ್‌ಎಫ್‌ಸಿ 1179 ಅಂತ ಬರದಿಟ್ಟಾರ. ಅಂಥಾ ನಂಬರಿನ ಪೋರ್ಟು ಯುನಿಕ್ಸಿನ್ಯಾಗ ಯಜಮಾನಗ ಅಷ್ಟ ತಗಿಲಿಕ್ಕೆ ಬರತಿತ್ತು, ಅದಕ್ಕ ಆ ನಂಬಿಕಿ. "ದೇಸಾಯರ ಮನಿಯಿಂದ ಬಂದಾನ, ಒಳಗ ಬಿಡು" ಅಂದಂಗ. ದೇಸಾಯರ ಮನಿ ಆಳು ಬಂದಾನೋ, ದೇಸಾಯರ ಹೆಸರು ಹೇಳಿಕೊಂಡು ಬ್ಯಾರೆ ಯಾರರೆ ಬಂದಾರೋ, ಕೇಳೊ ಪದ್ಧತಿ ಇಲ್ಲ. ಎಲ್ಲಾರ ಮೇಜಿನ ಮ್ಯಾಲೂ ಸ್ವಂತ ಕಂಪ್ಯೂಟರ್ ಬಂದು ಎಲ್ಲಾರೂ ಯಜಮಾನರ ಆದಮ್ಯಾಲೆ ಆ ನಂಬಿಕಿಗೆ ಅರ್ಥ ಉಳೀಲಿಲ್ಲ.

ಆಪಲ್‌ನವರದು ಇನ್ನೂ ಉದಾರ ಮನಸ್ಸು. 1985ರಾಗ ಅವರ ಲೇಸರ್‌ರೈಟರ್ ಬಂತು, ಬೆಲಿ 6,995 ಡಾಲರ್. ಒಬ್ಬರಿಗೆ ತಗೊಳ್ಳಿಕ್ಕೆ ಆಗಂಗಿಲ್ಲ ಅಂತ, ಸಾದಾ ಕೇಬಲಿನಿಂದ ನಾಕಾರು ಮ್ಯಾಕಿಂಟಾಷ್ ಕೂಡಿ ಹಂಚಿಕೊಳ್ಳೊ ಹಂಗ ಮಾಡಿದ್ರು. ಕೇಬಲ್ ಹತ್ತಿದವರೆಲ್ಲಾ ಮನಿಯವರ! ಆ ಪ್ರಿಂಟರಿನ ಪೋಸ್ಟ್‌ಸ್ಕ್ರಿಪ್ಟ್ ಭಾಷೆಯೊಳಗ, ಮುಂದಿನವರ ಕೆಲಸಕ್ಕೂ ಉಳಿಯೊ ಹಂಗ ಏನರೆ ಬದಲ ಮಾಡಬೇಕಂದ್ರ ಒಂದು ಪಾಸ್‌ವರ್ಡ್ ಬೇಕಿತ್ತು. ಕಾರ್ಖಾನೆಯಿಂದ ಬರೋವಾಗ ಆ ಪಾಸ್‌ವರ್ಡು ಏನು ಅಂತೀರಿ? ಸೊನ್ನೆ. ಬೀಗ ಹಾಕಿ ಕೀಲಿ ಅಲ್ಲೇ ಜೋತು ಬಿಟ್ಟಂಗ.

ಲೆಕ್ಕಕ್ಕ ಬರೊಬ್ಬರಿ ಕೂತಿದ್ದು ನಾವೆಲ್ ಕಂಪನಿಯ ನೆಟ್‌ವೇರ್ ಕಾಲಕ್ಕ. ಅದರಾಗ ಪ್ರಿಂಟರಿನ ಮುಂದ ಒಂದು ಪಾಳಿ, ಅದಕ್ಕ ಕ್ಯೂ ಅಂತ ಹೆಸರು. ಪಾಳಿಗೆ ಕಾಗದ ಹಾಕೊವ ಕ್ಯೂ ಯೂಸರ್. ಪಾಳಿ ಹಿಂದ ಮುಂದ ಮಾಡೊವ, ಬ್ಯಾರೆಯವರದೂ ತಗದು ಹಾಕೊವ ಕ್ಯೂ ಆಪರೇಟರ್. ಪ್ರಿಂಟ್ ಸರ್ವರ್ ನೋಡಿಕೊಳ್ಳಿಕ್ಕೆ ಇನ್ನೊಬ್ಬ ಆಪರೇಟರ್. ಎಲ್ಲಾರ ಮ್ಯಾಲೆ ಸೂಪರ್‌ವೈಸರ್. ಊಟ, ಬಡಸೋದು, ಕೀಲಿ, ಮೂರೂ ಬ್ಯಾರೆ ಬ್ಯಾರೆ ಆದುವು.

ಆಮ್ಯಾಲೆ 1993ರ ಜುಲೈದಾಗ ಮೈಕ್ರೋಸಾಫ್ಟಿನ ವಿಂಡೋಸ್ ಎನ್‌ಟಿ ಬಂತು. ಅದರಾಗ ಪ್ರತಿಯೊಂದು ಪ್ರಿಂಟರಿಗೂ ಒಂದು ಯಾದಿ, ಯಾರಿಗೆ ಎಷ್ಟು ಅಂತ. ನೋ ಆಕ್ಸೆಸ್, ಪ್ರಿಂಟ್, ಮ್ಯಾನೇಜ್ ಡಾಕ್ಯುಮೆಂಟ್ಸ್, ಫುಲ್ ಕಂಟ್ರೋಲ್. ವಿಂಡೋಸ್ 2000ರಾಗ ಫುಲ್ ಕಂಟ್ರೋಲ್ ಹೋಗಿ ಮ್ಯಾನೇಜ್ ಪ್ರಿಂಟರ್ಸ್ ಆತು, ನೋ ಆಕ್ಸೆಸ್ ಬದ್ಲಿ ಡಿನೈ ಅನ್ನೊ ಟಿಕ್ ಬಂತು. ಇವತ್ತೂ ನಿಮ್ಮ ಮನಿ ಕಂಪ್ಯೂಟರಿನ್ಯಾಗ ಇರೋದು ಅದ ಯಾದಿ.

ಆ ಯಾದಿಯೊಳಗ ಮೂರು ಮಾತು ನನಗ ಭಾಳ ಸೇರ್ತಾವ. ಒಂದು, ಕ್ರಿಯೇಟರ್ ಓನರ್. ಇದು ಯಾರ ಹೆಸರೂ ಅಲ್ಲ. ಆ ಕಾಗದ ಯಾರು ಕಳಿಸಿದ್ರೋ ಅವರ ಅಂತ ಅರ್ಥ. ಮನ್ಯಾಗ ಎಷ್ಟ ಸಣ್ಣವರಿರ್ಲಿ, ತಾವು ಕಳಿಸಿದ್ದನ್ನ ತಾವ ನಿಲ್ಲಸಬಹುದು, ಯಾರನ್ನೂ ಕೇಳಬೇಕಾಗಿಲ್ಲ. ಎರಡು, ಮ್ಯಾನೇಜ್ ಡಾಕ್ಯುಮೆಂಟ್ಸ್ ಒಂದ ಕೊಟ್ಟು ಪ್ರಿಂಟ್ ಕೊಡಲಿಲ್ಲಂದ್ರ ಅವರು ಎಲ್ಲಾರ ಕಾಗದ ಹಿಂದ ಮುಂದ ಮಾಡಬಹುದು, ತಮ್ಮದೊಂದು ಹಾಳಿ ಛಾಪಿಸಲಿಕ್ಕೆ ಬರಂಗಿಲ್ಲ. ಮದುವಿ ಮನ್ಯಾಗ ಉಪವಾಸ ಇದ್ದಾಕಿ ಊರಿಗೆಲ್ಲಾ ಬಡಸಿದಂಗ. ಮೂರು, ಡಿನೈ ಅನ್ನೊದು ಹಕ್ಕು ಕೊಡದೇ ಬಿಟ್ಟಂಗ ಅಲ್ಲ. ಕೊಡದೇ ಬಿಟ್ರ ಬ್ಯಾರೆ ಗುಂಪಿನ ಮೂಲಕ ಸಿಗಬಹುದು. ಡಿನೈ ಒತ್ತಿದ್ರ ಯಾವ ಗುಂಪಿನಿಂದ ಬಂದ ಹಕ್ಕೂ ನಡಿಯಂಗಿಲ್ಲ. ಅದಕ್ಕ ಮನ್ಯಾಗ ಡಿನೈ ಒತ್ತೋಕಿಂತ ಮೊದ್ಲ ಹತ್ತು ಸಲ ವಿಚಾರ ಮಾಡಬೇಕು.

ಲಿನಕ್ಸ್, ಮ್ಯಾಕ್ ಕಡೆಯವರದೂ ಇದ ದಾರಿ. 1999ರಾಗ ಐಪಿಪಿ ಅನ್ನೊ ಹೊಸಾ ಪದ್ಧತಿ ಬರದಿಟ್ರು, ಅದರ ಪೋರ್ಟು 631. ಅದ ವರ್ಷ ಮೈಕೆಲ್ ಸ್ವೀಟ್ ಅವರ ಕಪ್ಸ್ ಹೊರಗ ಬಂತು. 2002ರಾಗ ಆಪಲ್ ಅದನ್ನ ತನ್ನ ಮ್ಯಾಕಿನ್ಯಾಗ ಇಟ್ಕೊಂಡ್ತು, 2007ರಾಗ ಮೂಲ ಬರಹಾನ ಖರೀದಿ ಮಾಡ್ತು. ಕಪ್ಸಿನ ಕಟ್ಟಳಿ ಫೈಲು ತಗದು ನೋಡಿದ್ರ ಅಲ್ಲೂ ಅದ: ಕೆಲಸ ರದ್ದು ಮಾಡಬೇಕಂದ್ರ ನೀ ಓನರ್ ಇರಬೇಕು, ಇಲ್ಲಾ ಸಿಸ್ಟಮ್ ಗುಂಪಿನವ ಇರಬೇಕು. ಬ್ಯಾರೆ ಮನಿ, ಬ್ಯಾರೆ ಅತ್ತಿ, ಕೀಲಿ ಗೊಂಚಲು ಒಂದ ಥರದ್ದು.

ಇಷ್ಟೆಲ್ಲಾ ಪಾವಟಿಗಿ ಕಟ್ಟಿದಮ್ಯಾಲೆ ಕಳವು ನಿಂತುವೇನು? ಇಲ್ಲ. ಈಗ 1962ರ ಮಾತು ನೆನಸ್ರಿ. 2010ರಾಗ ಸಿಕ್ಕ ಸ್ಟಕ್ಸ್‌ನೆಟ್ ಅನ್ನೊ ಹುಳ, ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕ ಹೋಗಲಿಕ್ಕೆ ಹಿಡಿದ ದಾರಿಗಳೊಳಗ ಹಂಚಿಕೊಂಡ ಪ್ರಿಂಟರ್ ಸೈತ ಒಂದು. ಛಾಪಿಸು ಅಂತ ಕಳಿಸಿದ್ದು ಕಾಗದದ ಮ್ಯಾಲೆ ಬೀಳೊ ಬದ್ಲಿ ಆ ಕಂಪ್ಯೂಟರಿನ ಒಳಮನ್ಯಾಗ ಫೈಲಾಗಿ ಕೂಡತಿತ್ತು. 2021ರಾಗ ಪ್ರಿಂಟ್‌ನೈಟ್‌ಮೇರ್ ಅನ್ನೊ ಇನ್ನೊಂದು ಸಂದಿ ಸಿಕ್ತು. ಸಾದಾ ಖಾತೆ ಇದ್ದವರೂ ಪ್ರಿಂಟರಿನ ಡ್ರೈವರ್ ಅಂತ ಹೇಳಿ ಏನರೆ ಕಳಿಸಿದ್ರ, ವಿಂಡೋಸಿನ ಸ್ಪೂಲರ್ ಅದನ್ನ ಯಜಮಾನನ ಅಧಿಕಾರದಾಗ ನಡಸತಿತ್ತು. ಶೆರ್ ಕಪಾಟಿನ ಕಥೀನ ಇದು. ಕೇಳಿದವರ ಹಕ್ಕು ಸಣ್ಣದು, ಮಾಡಿಕೊಡವನ ಹಕ್ಕು ದೊಡ್ಡದು, ನಡುವ ವಿಚಾರಣಾ ಇಲ್ಲ. ಆ ವರ್ಷ ಆಗಸ್ಟಿನಿಂದ ಡ್ರೈವರ್ ಹಾಕಬೇಕಂದ್ರ ಅಡ್ಮಿನಿಸ್ಟ್ರೇಟರ್ ಅನುಮತಿ ಬೇಕು ಅಂತ ಮೈಕ್ರೋಸಾಫ್ಟಿನವರು ಕಟ್ಟಳಿ ಬದಲ ಮಾಡಿದ್ರು. ಪ್ರಿಂಟರ್ ಸೇರಸಲಿಕ್ಕೆ ಹೋದ್ರ ಅದು ಪಾಸ್‌ವರ್ಡ್ ಕೇಳ್ತದಲ್ಲ, ಕೇಳಿದಾಗ ನಾವು ಬೈತೀವಲ್ಲ, ಅದರ ಹಿಂದ ಈ ಕಥಿ ಅದ.

ಬಾಂಗ್ಲಾದೇಶ ಬ್ಯಾಂಕಿನ ಸಂಗತಿ ಅಂತೂ ಕೇಳಿರಬೇಕು. ಹೊರದೇಶದ ವ್ಯವಹಾರದ ದಾಖಲೆ ಛಾಪಿಸೊ ಪ್ರಿಂಟರ್, 2016ರ ಫೆಬ್ರವರಿ 5, ಶುಕ್ರವಾರ, ಅವರ ರಜಾದ ದಿವಸ, ಸುಮ್ನ ಕೂತಿತ್ತು. ಪ್ರಿಂಟರ್ ಕೆಟ್ಟಿರಬೇಕು ಅನ್ಕೊಂಡ್ರು. ಕಳ್ಳರು ಒಳಗ ಹೊಕ್ಕು ಅದನ್ನ ಮೂಕ ಮಾಡಿದ್ರು, ಯಾಕಂದ್ರ ಅದು ಮಾತಾಡಿದ್ರ ತಮ್ಮ ಕಳವು ಕಾಗದದ ಮ್ಯಾಲೆ ಬರ್ತಿತ್ತು. ಅವರು ಕೇಳಿದ್ದು ಸುಮಾರು 95 ಕೋಟಿ ಡಾಲರ್, 8.1 ಕೋಟಿ ಡಾಲರ್ ಫಿಲಿಪೀನ್ಸಿಗೆ ಹೋಗೇ ಬಿಡ್ತು. ಪ್ರಿಂಟರ್ ಬರೇ ಆಳಲ್ಲ, ಸಾಕ್ಷಿ ಸೈತ ಹೌದು ಅಂತ ನನಗ ತಿಳದಿದ್ದು ಈ ಸುದ್ದಿ ಓದಿದ ಮ್ಯಾಲೆ.

ಈಗ ನೀವು ಕೇಳಬಹುದು, ಬ್ಯಾಂಕಿಂದು ಆತು, ಎಂಐಟಿದು ಆತು, ಮನ್ಯಾಗಿನ ಪ್ರಿಂಟರಿಗೆ ಇದೆಲ್ಲಾ ಯಾಕವಾ ಅಂತ. ಯಾಕ ಅಂತ ಹೇಳ್ತೇನಿ.

ನಮ್ಮ ಮನಿಯವರ ಕಾಕಾ ಭಾಳ ಶಿಸ್ತಿನ ಮನಷ್ಯಾ. ರಿಟೈರ್ ಆದಮ್ಯಾಲೆ ಕಂಪ್ಯೂಟರ್, ಪ್ರಿಂಟರ್ ತಗೊಂಡ್ರು. ಖಾತೆ ಒಂದ, ಪಾಸ್‌ವರ್ಡ್ ಒಂದ, ಅದು ಅವರ ತಲಿಯೊಳಗ. ಕಾಕು ಏನರೆ ಬೇಕಂದ್ರ "ನಾ ಇದ್ದೇನಲ್ಲ, ತಗದು ಕೊಡ್ತೇನಿ" ಅಂತಿದ್ರು. ಕೊಡತಿದ್ರೂ ಖರೆ, ಇಲ್ಲಂದದ್ದು ನಾ ಕೇಳಿಲ್ಲ. ಒಂದ ದಿವಸ ಕಾಕಾ ಒಮ್ಮಿಂದೊಮ್ಮೆ ಹೋಗಿಬಿಟ್ರು. ವಿಮಾ ಅರ್ಜಿ, ಪೆನ್ಶನ್ ಅರ್ಜಿ ಎಲ್ಲಾ ಮಗ ಪರದೇಶದಿಂದ ಮೇಲ್ ಮಾಡಿದ. ಪ್ರಿಂಟರ್ ಎದರಿಗೇ ಕೂತದ, ಕಾಗದ ತುಂಬೇದ, ಶಾಯಿ ಅದ. ಕೀಲಿ ಮಾತ್ರ ಕಾಕಾನ ಸಂಗತೀನ ಹೋಗಿತ್ತು. ಕಾಕು ಹದಿನಾಕನೇ ದಿವಸ ಓಣಿ ತುದಿಗಿನ ಝೆರಾಕ್ಸ್ ಅಂಗಡಿಗೆ ಹೋಗಿ, ಗಂಡನ ಮರಣ ದಾಖಲೆ, ಬ್ಯಾಂಕ್ ಪಾಸ್‌ಬುಕ್, ಆಧಾರ್ ಎಲ್ಲಾ ಆ ಹುಡುಗನ ಫೋನಿಗೆ ಕಳಿಸಿ, ನಾಕು ಮಂದಿ ಎದರಿಗೆ ನಿಂತು ಪ್ರಿಂಟ್ ತಗೊಂಡು ಬಂದ್ಲು. ಹುಡುಗ ಚೊಲೊ ಹುಡುಗನ, ರೊಕ್ಕಾನೂ ತಗೊಳ್ಳಲಿಲ್ಲ. ಆದ್ರ ಕಾಕು ಮನಿಗೆ ಬಂದು "ನನ್ನ ಮನ್ಯಾಗ ನಾ ಒಂದ ಹಾಳಿಗೆ ಅಧಿಕಾರ ಇಲ್ಲದಾಕಿ ಆದೆ" ಅಂದ್ಲು. ಆ ಮಾತು ನನಗ ಇನ್ನೂ ನೆನಪದ.

ಈಗ ಕಾಕು ನಮ್ಮ ಸಂಗತೀನ ಇದ್ದಾಳ. ನಮ್ಮ ಮನಿ ಕಟ್ಟಳಿ ಹಿಂಗದ. ಹಾಲಿನ ಕಂಪ್ಯೂಟರಿನ್ಯಾಗ ಪ್ರತಿಯೊಬ್ಬರಿಗೂ ತಮ್ಮ ತಮ್ಮ ಹೆಸರಿನ ಖಾತೆ. ಪ್ರಿಂಟ್ ಎಲ್ಲಾರಿಗೂ, ಡಿನೈ ಯಾರಿಗೂ ಇಲ್ಲ. ತಾವು ಕಳಿಸಿದ್ದು ತಾವ ನಿಲ್ಲಸಬಹುದು, ಕ್ರಿಯೇಟರ್ ಓನರ್ ಸಾಲು ನಾ ಮುಟ್ಟಿಲ್ಲ. ಮ್ಯಾನೇಜ್ ಡಾಕ್ಯುಮೆಂಟ್ಸ್ ನನಗೂ ಮಗಳಿಗೂ, ಯಾಕಂದ್ರ ಪ್ರಾಜೆಕ್ಟಿನ ಮೂವತ್ತು ಪುಟದ ನಡುವ ಅರ್ಜೆಂಟಾಗಿ ರೇಲ್ವೆ ಟಿಕೀಟು ತಗೀಬೇಕಾಗ್ತದ. ಅಡ್ಮಿನಿಸ್ಟ್ರೇಟರ್ ಖಾತೆ ಬ್ಯಾರೆ ಒಂದು, ದಿನಾ ಅದರಾಗ ಯಾರೂ ಕೆಲಸ ಮಾಡಂಗಿಲ್ಲ. ಅದರ ಪಾಸ್‌ವರ್ಡ್ ನನಗ, ನಮ್ಮ ಮನಿಯವರಿಗೆ ಇಬ್ಬರಿಗೂ ಗೊತ್ತು. ಒಂದು ಪಾಕೀಟಿನ್ಯಾಗ ಬರದು, ಅಂಟ ಹಚ್ಚಿ, ತಿಜೋರಿಯೊಳಗ ಮನಿ ಕಾಗದದ ಸಂಗತೀನ ಇಟ್ಟದ. ಪಾಕೀಟು ಎಲ್ಲೆದ ಅಂತ ಎಲ್ಲಾರಿಗೂ ಗೊತ್ತು. ಕೀಲಿ ಒಬ್ಬರ ಸೆರಗಿನ್ಯಾಗ ಇರ್ಲಿ, ಆದ್ರ ಸೆರಗು ಎಲ್ಲೆದ ಅಂತ ಮನಿಗೆ ಗೊತ್ತಿರಬೇಕು.

ಕಾಕು ತನ್ನ ಖಾತೆಯಿಂದ ಮೊದ್ಲ ಸಲ ಪೆನ್ಶನ್ ಕಾಗದ ಕಳಿಸಿದಾಗ ನಾ ಪಾಳಿ ತಗದು ತೋರಿಸಿದೆ. ಅಲ್ಲೆ ಡಾಕ್ಯುಮೆಂಟಿನ ಹೆಸರು, ಪುಟ, ಮತ್ತ ಓನರ್ ಅನ್ನೊ ಕೆಳಗ ಅಕಿ ಹೆಸರು. ಕಾಕು ಚಷ್ಮಾ ಏರಿಸಿಕೊಂಡು ಎರಡ ಸಲ ಓದಿದ್ಲು. ಏನೂ ಅನ್ನಲಿಲ್ಲ, ನಕ್ಕು ಒಳಗ ಹೋದ್ಲು.

ಕಡೀಕ ಒಂದು ಮಾತು. ಯಾವ ಯಾದಿ ಎಷ್ಟ ಬರೊಬ್ಬರಿ ಬರದ್ರೂ ಅದರ ಅಧಿಕಾರ ಕಾಗದ ಹೊರಗ ಬೀಳೊ ತನಕ ಅಷ್ಟ. ಟ್ರೇದಾಗ ಬಿದ್ದ ಹಾಳಿಗೆ ಕ್ರಿಯೇಟರೂ ಇಲ್ಲ, ಓನರೂ ಇಲ್ಲ, ಮೊದ್ಲ ಹೋದವರ ಕಣ್ಣಿಗೆ ಬೀಳೋದ. 1962ರ ಆ ಕಪಾಟಿಗೂ ಕಾವಲುಗಾರ ಇದ್ದಿದ್ದಿಲ್ಲ. ಆಫೀಸಿನವರು ಇದಕ್ಕ ಕಾರ್ಡು ತೋರಿಸಿದ್ರ ಅಷ್ಟ ಕಾಗದ ಬಿಡೊ ಮಶೀನು ಇಟ್ಕೊಂಡಾರ. ಮನಿಗೆ ಅದೆಲ್ಲಾ ಎಲ್ಲಿಂದ? ನಮ್ಮಲ್ಲೆ ಒಂದ ಸಾಲಿನ ಕಟ್ಟಳಿ: ಟ್ರೇದಾಗ ಬ್ಯಾರೆಯವರ ಹಾಳಿ ಕಂಡ್ರ ಓದಬಾರದು, ಬೋರಲು ಹಾಕಿ ಬಾಜೂಕ ಇಡಬೇಕು, ಕರದು ಹೇಳಬೇಕು. ಇದಕ್ಕ ಟಿಕ್ ಹೊಡಿಯೊ ಚೌಕ ಯಾವ ಕಂಪನಿಯವರೂ ಮಾಡಿಲ್ಲ. ಇದನ್ನ ಮಕ್ಕಳಿಗೆ ಕಲಸೋದು ನಮ್ಮ ಪಾಲಿನ ಕೆಲಸ.